ಗೆರೆ ಸ್ವಲ್ಪ ಅತ್ತಿತ್ತ ಬಿದ್ದಿದ್ದರೆ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ರಾಯದುರ್ಗದ ಕಡೆಯ ನಮ್ಮ ಅಕ್ಕ ಚಳ್ಳಕೆರೆಗೆ ಬಂದಳು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು. ನನಗಿಂತ ಎರಡು ವರ್ಷ ದೊಡ್ಡವಳು. ಕಾಫಿ ಕುಡಿದು, ಕೈಚೀಲದಿಂದ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದು ನನ್ನ ಮಡಿಲಲ್ಲಿಟ್ಟಳು. ಕಾರ್ಡುಗಳು, ಇನ್‌ಲ್ಯಾಂಡ್ ಕಾಗದಗಳು, ಅಂಚು ಹರಿದ ಲಕೋಟೆಗಳು. ದೊಡ್ಡಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ ಸಿಕ್ಕವಂತೆ. ಎಲ್ಲವೂ ನಮ್ಮಮ್ಮ ತನ್ನ ಅಕ್ಕನಿಗೆ ಬರೆದವು.

"ಓದಿ ಹೇಳೇ, ನಂಗೆ ಈ ಕೈಬರಹ ಹತ್ತಲ್ಲ," ಅಂದಳು.

ಅಕ್ಕ ಮನೆಯಲ್ಲಿ ಆಡುವುದು ಕನ್ನಡವೇ. ನನ್ನ ಕನ್ನಡಕ್ಕಿಂತ ಅವಳದ್ದೇ ಒಂದು ತೂಕ ಹೆಚ್ಚು ಚಂದ. ಆದರೆ ಓದಿದ್ದು ತೆಲುಗಿನಲ್ಲಿ. ಎರಡು ಲಿಪಿಯೂ ಅಕ್ಕತಂಗಿಯರ ಹಾಗೆ ಇರುವುದರಿಂದ ಅಚ್ಚಿನ ಕನ್ನಡವನ್ನು ತಡವರಿಸಿ ಓದಿಯಾಳು. ನಮ್ಮಮ್ಮನ ಕೂಡುಬರಹ ಅವಳಿಗೆ ಮುಗ್ಗು ಹಿಡಿದ ಕಾಳಿನ ಹಾಗೆ ಕಂಡಿತು. ತನ್ನ ಹೆತ್ತವ್ವನಿಗೆ ಬಂದ ಕಾಗದ ಓದಿಸಿಕೊಳ್ಳಲು ಅವಳು ಬಸ್ಸು ಹತ್ತಿ, ರಾಜ್ಯ ದಾಟಿ ನನ್ನ ಹತ್ತಿರ ಬರಬೇಕಾಯಿತು.

ಅವಳಿಗೆ ಮಧ್ಯದ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಪ್ರಶ್ನೆ ಮತ್ತೆ ಎದ್ದು ಕುಳಿತಿತು. 1953ರಲ್ಲಿ ರಾಯದುರ್ಗ ಮೈಸೂರಿಗೆ ಸೇರಿದ್ದರೆ? ಚರಿತ್ರೆಯಲ್ಲಿ 'ರೆ' ಎಂಬುದಕ್ಕೆ ಜಾಗವಿಲ್ಲ ಎಂದು ಹೈಸ್ಕೂಲಿನ ಮೇಷ್ಟ್ರು ಹೇಳುತ್ತಿದ್ದರು. ಇರಬಹುದು. ಆದರೆ ಹೆಂಗಸರ ಬದುಕಿನಲ್ಲಿ ಅದಕ್ಕೆ ಬಹಳ ಜಾಗವಿದೆ. ಆ ಮನೆಗೆ ಕೊಟ್ಟಿದ್ದರೆ, ಇನ್ನೊಂದು ವರ್ಷ ಓದಿಸಿದ್ದರೆ, ಮೊದಲನೆಯದು ಉಳಿದಿದ್ದರೆ. ರೊಟ್ಟಿ ತಟ್ಟುತ್ತಾ ನಾವೆಲ್ಲ ಬರೆಯದೆ ಬಿಟ್ಟ ಚರಿತ್ರೆ ಇದೇ ಅಲ್ಲವೇ?

ಮೊಳಕಾಲ್ಮೂರನ್ನು ಭೂಪಟದಲ್ಲಿ ನೋಡಿದವರಿಗೆ ಗೊತ್ತು. ಚಿತ್ರದುರ್ಗ ಜಿಲ್ಲೆ ಉತ್ತರಕ್ಕೆ ಬೆರಳು ಚಾಚಿದ ಹಾಗಿದೆ. ಬೆರಳಿನ ಬುಡದಲ್ಲಿ ನಮ್ಮ ಚಳ್ಳಕೆರೆ, ಪೂರ್ವಕ್ಕೆ ರಾಯದುರ್ಗ, ಉತ್ತರಕ್ಕೆ ಬಳ್ಳಾರಿಯ ಸೀಮೆ, ಪಶ್ಚಿಮಕ್ಕೆ ಕೂಡ್ಲಿಗಿ. ಈ ಬೆರಳಿನ ಸುತ್ತ ಗೆರೆ ಎಳೆದವರು ನಮ್ಮವರಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜ್ಯ ಹಂಚಿಕೊಂಡರು. 1800ರಲ್ಲಿ ಹೈದರಾಬಾದಿನ ನಿಜಾಮರು ಇಂಗ್ಲಿಷ್ ಕಂಪನಿಯ ಸೈನ್ಯದ ಖರ್ಚಿಗೆ ಅಂತ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಬಂದು ಅಲ್ಲಿ ಕಂದಾಯ ಗೊತ್ತುಮಾಡಿದ. ಹೀಗೆ ರಾಯದುರ್ಗ ಮದರಾಸಿನದಾಯಿತು, ಮೊಳಕಾಲ್ಮೂರು ಮೈಸೂರಿನದಾಯಿತು. ಎರಡರ ನಡುವೆ ನದಿಯಿಲ್ಲ, ಘಟ್ಟವಿಲ್ಲ. ಅದೇ ಕಲ್ಲುಗುಡ್ಡ, ಅದೇ ಜಾಲಿ, ಅದೇ ಶೇಂಗಾದ ಹೊಲ. ಎರಡೂ ಕಡೆ ರೇಷ್ಮೆ ಸೀರೆಯ ಮಗ್ಗ. ಎರಡೂ ಕಡೆ ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ ತೆಲುಗಿನಲ್ಲಿ ಚೌಕಾಸಿ ಮಾಡುವ ಜನ.

ಆ 1800ರ ಕೊಡುಗೆ ಆಗದೇ ಇದ್ದಿದ್ದರೆ? ರಾಯದುರ್ಗ, ಬಳ್ಳಾರಿಗಳು 1948ರವರೆಗೂ ನಿಜಾಮರದೇ ಆಗಿರುತ್ತಿದ್ದವು. ರಜಾಕಾರರ ಕಾಲದಲ್ಲಿ ರಾಯಚೂರು, ಕೊಪ್ಪಳದ ಕಡೆಯ ಜನ ಗಡಿ ದಾಟಿ ಓಡಿಬಂದ ಹಾಗೆ ದೊಡ್ಡಮ್ಮನ ಗಂಡನ ಮನೆಯವರೂ ಗಂಟುಮೂಟೆ ಹೊತ್ತು ಮೊಳಕಾಲ್ಮೂರಿಗೆ ಬರುತ್ತಿದ್ದರೋ ಏನೋ. ಸೆಪ್ಟೆಂಬರ್ 13ರಂದು ಶುರುವಾಗಿ ಐದೇ ದಿನದಲ್ಲಿ ಮುಗಿದ ಪೊಲೀಸ್ ಕಾರ್ಯಾಚರಣೆಯ ಸೈನ್ಯ ನಮ್ಮೂರ ದಾರಿಯಲ್ಲೂ ಹೋಗುತ್ತಿತ್ತೋ ಏನೋ. ಒಂದು 'ರೆ' ಹಾಕಿದರೆ ಅದರ ಹಿಂದೆ ಹತ್ತು ಬರುತ್ತವೆ, ಕಪಾಟಿನ ಮೇಲಿನ ಒಂದು ಡಬ್ಬಿ ಎಳೆದರೆ ಉಳಿದವೂ ಉರುಳುವ ಹಾಗೆ.

ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ಕಾಗದ ಓದತೊಡಗಿದೆ. ಬರೀ ಮನೆವಾರ್ತೆ. ಎಮ್ಮೆ ಈದದ್ದು, ಮಗುವಿಗೆ ದಡಾರ, ಮಳೆ ಇಲ್ಲ, ಮಳೆ ಇಲ್ಲ, ಮಳೆ ಇಲ್ಲ. ನಡುವೆ ಒಂದು ಕಾಗದದಲ್ಲಿ, ಅಜ್ಜಿಗೆ ಬಂದಿದ್ದ ಹೊಲವನ್ನು ಯಾರಿಗೂ ಬರೆದುಕೊಡಬಾರದು, ಅದು ಅವ್ವನ ಹೆಸರಿನಲ್ಲೇ ಇರಲಿ ಅಂತ ಅಮ್ಮ ಬರೆದಿದ್ದಳು. ಆ ಹೊಲದ ಕತೆ ನಮ್ಮಿಬ್ಬರಿಗೂ ಗೊತ್ತಿತ್ತು. ಅದರ ಕಾನೂನು ಮಾತ್ರ ನನಗೆ ತಿಳಿದದ್ದು ಬಹಳ ತಡವಾಗಿ.

ಅಜ್ಜ ಸತ್ತದ್ದು ಎರಡನೆಯ ಮಹಾಯುದ್ಧದ ನಡುವೆ. ಅಜ್ಜಿಗೆ ಎರಡು ಹೆಣ್ಣುಮಕ್ಕಳು, ಗಂಡುಮಗನಿಲ್ಲ. ಯುದ್ಧದ ಕಾಲ ನಮ್ಮ ಸೀಮೆಗೆ ಬಂದದ್ದು ಗುಂಡಿನ ರೂಪದಲ್ಲಲ್ಲ, ರೇಷನ್ನಿನ ರೂಪದಲ್ಲಿ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ ಮದರಾಸು ಪಟ್ಟಣದ ಜನ ಒಳನಾಡಿಗೆ ಗುಳೆ ಎದ್ದರು. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಮೈಸೂರಿನ ರೇಷ್ಮೆಗೆ ಬೇಡಿಕೆ ಏರಿತು. ಸೀರೆ ನೇಯುವವರಿಗೆ ನೂಲು ತುಟ್ಟಿಯಾಯಿತು. ಆಕಾಶದಿಂದ ಇಳಿಯುವ ಸಿಪಾಯಿಯ ಕೊಡೆಗೂ ಮದುಮಗಳ ಸೀರೆಗೂ ಒಂದೇ ಹುಳುವಿನ ನೂಲು ಅಂತ ಅಜ್ಜಿ ನಗುತ್ತಿದ್ದಳಂತೆ.

1944ರಲ್ಲಿ ಅಜ್ಜನ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಗಂಡುಸಂತಾನವಿಲ್ಲದ ವಿಧವೆಗೆ ಊಟಬಟ್ಟೆ ಕೊಟ್ಟರೆ ಸಾಕು ಎನ್ನುವುದು ಹಳೆಯ ಪದ್ಧತಿ. ಆದರೆ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಹಿಂದೂ ಹೆಂಗಸರ ಹಕ್ಕಿನ ಶಾಸನವೊಂದು ಬಂದಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ ಗಂಡುಸಂತಾನವಿಲ್ಲದೆ ತೀರಿಕೊಂಡ ಸೋದರನ ಹೆಂಡತಿಗೂ ಮದುವೆಯಾಗದ ಅವನ ಹೆಣ್ಣುಮಕ್ಕಳಿಗೂ ಪಾಲುಂಟು ಎಂದು ಅದರಲ್ಲಿತ್ತು. ಊರಿನ ಶಾನುಭೋಗರು ಅದನ್ನು ಎತ್ತಿ ಹೇಳಿದರಂತೆ. ಅಜ್ಜಿಗೆ ಹೊಲ ಬಂತು. ಕಲ್ಲು ತುಂಬಿದ ಬೆದ್ದಲು ಹೊಲ. ಅದರಲ್ಲೇ ಇಬ್ಬರನ್ನು ಸಾಕಿ, ನಾಲ್ಕಕ್ಷರ ಕಲಿಸಿ, ಮದುವೆ ಮಾಡಿದಳು. ನನ್ನ ಮುಂದಿದ್ದ ಕಾಗದಗಳ ಕೂಡುಬರಹ ಬಂದದ್ದು ಆ ಹೊಲದಿಂದ.

ಈಗ ಗೆರೆಯ ಆಚೆ ನೋಡಿ. ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ವಿಧವೆಯರ ಹಕ್ಕಿನ ಶಾಸನ ಬಂತು, ನಿಜ. ಆದರೆ ಬೇಸಾಯದ ಜಮೀನಿನ ವಿಷಯ ಪ್ರಾಂತ್ಯಗಳಿಗೆ ಸೇರಿದ್ದು, ಆದ್ದರಿಂದ ಈ ಶಾಸನ ಹೊಲಗದ್ದೆಗೆ ಅನ್ವಯಿಸದು ಎಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮದರಾಸು ಪ್ರಾಂತ್ಯ ಅದನ್ನು ಹೊಲಕ್ಕೂ ವಿಸ್ತರಿಸಿದ್ದು 1947ರಲ್ಲಿ. ಅಂದರೆ 1800ರಲ್ಲಿ ಗೆರೆ ಒಂದಿಷ್ಟು ಪಶ್ಚಿಮಕ್ಕೆ ಸರಿದು ಮೊಳಕಾಲ್ಮೂರೂ ಕಂಪನಿಯ ಪಾಲಿಗೆ ಬಿದ್ದಿದ್ದರೆ, 1944ರಲ್ಲಿ ಅಜ್ಜಿ ಬರಿಗೈಯಲ್ಲಿ ಕೂಲಿಗೆ ಹೋಗಬೇಕಿತ್ತು. ಮೈಸೂರಿನಲ್ಲಿ ಹುಟ್ಟಿದ ನಾವು ಎಷ್ಟು ಪುಣ್ಯವಂತರು ಅಂತ ನಾನು ಅಕ್ಕನಿಗೆ ಹೇಳಿದೆ. ಅವಳು ಏನೂ ಹೇಳದೆ ಎಲೆಗೆ ಸುಣ್ಣ ಹಚ್ಚಿದಳು.

ಮುಂದಿನದು ನಿಮಗೆ ಗೊತ್ತಿರುವುದೇ. 1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಆಡಳಿತ ಜನರ ಕೈಗೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ನಡೆದು ಅಕ್ಟೋಬರ್ ಕೊನೆಗೆ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಒಡೆಯರು ನಿಜಾಮರ ಹಾಗೆ ಹಟ ಹಿಡಿದಿದ್ದರೆ ಮೂರು ಸೀಮೆಯ ನಡುವೆ ಚಾಚಿದ ನಮ್ಮ ಬೆರಳಿಗೇ ಮೊದಲು ಪೆಟ್ಟು ಬೀಳುತ್ತಿತ್ತು. ಅದೇ 1947ರಲ್ಲಿ ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸುತ್ತಿದ್ದರು. ಅಶೋಕನ ಶಾಸನವಿರುವ ಜಾಗ; 1892ರಲ್ಲಿ ರೈಸ್ ಅದನ್ನು ಕಂಡುಹಿಡಿದಿದ್ದರು. ತಾಯಿತಂದೆಯರ ಮಾತು ಕೇಳಬೇಕು ಎಂದು ಅದರಲ್ಲಿ ಕೊರೆದಿದೆ. ಹೆಣ್ಣುಮಕ್ಕಳ ಪಾಲಿನ ಮಾತಿಲ್ಲ. ಒಂದು ಸಾಮ್ರಾಜ್ಯ ಕಟ್ಟಿದ ಗೆರೆ ಎಲ್ಲಿತ್ತು ಎಂದು ಮಣ್ಣು ಬಗೆದು ಹುಡುಕುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಸಾಮ್ರಾಜ್ಯದ ಗೆರೆಗಳು ಅಳಿಸುತ್ತಿದ್ದವು.

ದೊಡ್ಡಮ್ಮನ ಮದುವೆಯಾದದ್ದು 1952ರಲ್ಲಿ. ಆಗ ಗಡಿ ಅಂದರೆ ಯಾರಿಗೂ ಲೆಕ್ಕವಿರಲಿಲ್ಲ. ಚಿತ್ರದುರ್ಗಕ್ಕಿಂತ ರಾಯದುರ್ಗವೇ ಹತ್ತಿರ, ಅಲ್ಲಿ ಬಳ್ಳಾರಿಗೆ ಹೋಗುವ ರೈಲೂ ಉಂಟು ಅಂತ ಅಜ್ಜಿ ಕೊಟ್ಟಳು. ಆ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟರು. ನಾಲ್ಕು ದಿನಕ್ಕೆ ನೆಹರೂ ಆಂಧ್ರ ರಾಜ್ಯ ಕೊಡುವುದಾಗಿ ಹೇಳಿದರು. ಬಳ್ಳಾರಿ ಜಿಲ್ಲೆಯನ್ನು ಹರಿದು ಹಂಚಿದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ. ಬಳ್ಳಾರಿ ತಾಲ್ಲೂಕಿನ ಜಗಳ ಮುಗಿಯದೆ ಮಿಶ್ರಾ ಅವರ ವಿಚಾರಣೆಗೆ ಹೋಗಿ, ಅದೂ ಮೈಸೂರಿಗೆ ಬಂತು. 1953ರ ಅಕ್ಟೋಬರ್ 1ರಂದು ಎಲ್ಲ ಜಾರಿಯಾಯಿತು. ಬಳ್ಳಾರಿಯಲ್ಲಿ ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬರು ಪ್ರಾಣವನ್ನೇ ಕೊಟ್ಟರು.

ಕಟ್ಟಿನಲ್ಲಿ ಆ ತಿಂಗಳ ಕಾರ್ಡೂ ಒಂದಿತ್ತು. ನೀವೆಲ್ಲ ಇನ್ನು ಆಂಧ್ರದವರಂತೆ, ದೀಪಾವಳಿಗೆ ಬರುತ್ತೀಯಾ ಇಲ್ಲವಾ ಬೇಗ ತಿಳಿಸು, ಅಂತ ಅಮ್ಮ ಬರೆದಿದ್ದಳು. ಅಷ್ಟೇ. ಒಂದು ರಾಜ್ಯ ಹುಟ್ಟಿದ ಸುದ್ದಿಗೆ ಅವಳು ಕೊಟ್ಟದ್ದು ಅರ್ಧ ಸಾಲು. ದೊಡ್ಡಮ್ಮನ ಒಪ್ಪಿಗೆಯನ್ನಾಗಲಿ ಅಮ್ಮನ ಒಪ್ಪಿಗೆಯನ್ನಾಗಲಿ ಮದುವೆಯಲ್ಲೇ ಯಾರೂ ಕೇಳಿರಲಿಲ್ಲ. ತಾಲ್ಲೂಕು ಹಂಚುವಾಗ ಕೇಳುತ್ತಾರೆ ಅಂತ ಅವರು ಕಾದೂ ಇರಲಿಲ್ಲ.

ಆಮೇಲಿನ ಒಂದು 'ರೆ' ನಮ್ಮನ್ನು ಹತ್ತಿರದಲ್ಲೇ ಸವರಿಕೊಂಡು ಹೋಯಿತು. 1955ರಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ, ತುಂಗಭದ್ರಾ ಯೋಜನೆಯ ಕಾರಣ ಹೇಳಿ, ಮೈಸೂರಿಗೆ ಬಂದಿದ್ದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಮತ್ತೆ ಆಂಧ್ರಕ್ಕೆ ಕೊಡಿ ಎಂದಿತು. ಜನ ಎದ್ದರು, ದೆಹಲಿ ಒಪ್ಪಲಿಲ್ಲ. ಒಪ್ಪಿದ್ದರೆ ಮೊಳಕಾಲ್ಮೂರಿನ ಉತ್ತರಕ್ಕೂ ಪೂರ್ವಕ್ಕೂ ಆಂಧ್ರವೇ. ಹಂಪಿಗೆ ಹೋಗಲು ಬೇರೆ ರಾಜ್ಯಕ್ಕೆ ಹೋಗಬೇಕಿತ್ತು. ಆ ಪೀಕಲಾಟದಲ್ಲಿ ನಮ್ಮ ತಾಲ್ಲೂಕಿನ ಬೆರಳನ್ನೂ ಯಾರಾದರೂ ಕೇಳಿದ್ದರೆ ಇಲ್ಲವೆನ್ನುವವರು ಎಷ್ಟು ಜನ ಇರುತ್ತಿದ್ದರು? ಹಳೆ ಮೈಸೂರಿನಲ್ಲಿ ಏಕೀಕರಣವೇ ಬೇಡ ಎನ್ನುವವರೂ ಇದ್ದರು. ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು, ಆದರೆ 1956ರ ನವೆಂಬರ್ 1 ಬರುವ ಹೊತ್ತಿಗೆ ಅವರೇ ಕುರ್ಚಿಯಲ್ಲಿರಲಿಲ್ಲ. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಹುಟ್ಟಿದ್ದು 1902ರಲ್ಲಿ, ಮದರಾಸು ಪ್ರಾಂತ್ಯದಲ್ಲಿದ್ದ ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ. ವಕೀಲಿ ಮಾಡಿದ್ದು ಮೈಸೂರಿನ ಚಿತ್ರದುರ್ಗದಲ್ಲಿ. 1957ರಲ್ಲಿ ಗೆದ್ದದ್ದು ನಮ್ಮ ಮೊಳಕಾಲ್ಮೂರಿನಿಂದ. ಗೆರೆ ದಾಟಿದ ಗಂಡಸು ಮುಖ್ಯಮಂತ್ರಿಯಾದರು. ಗೆರೆ ದಾಟಿದ ನಮ್ಮ ದೊಡ್ಡಮ್ಮನಿಗೆ ಮಗಳು ಕಲಿತ ಅಕ್ಷರ ಪರಕೀಯವಾಯಿತು.

ಇಷ್ಟು ಹೇಳಿ ನಾನು ಅಕ್ಕನಿಗೆ, "ನಿಮ್ಮ ತಾಲ್ಲೂಕು ನಮ್ಮ ಕಡೆ ಬಂದಿದ್ದರೆ ನೀನೇ ಇದನ್ನೆಲ್ಲ ಓದ್ಕೋತಿದ್ದೆ," ಅಂದೆ.

ಅಕ್ಕ ಈಗ ಬಾಯಿ ಬಿಟ್ಟಳು. "ಓದ್ಕೋತಿದ್ದೆ ಬಿಡು. ಎರಡೆಕರೆ ಹೊಲ ಯಾರು ಕೊಡ್ತಿದ್ರು?"

ನಾನು ಮಾತಿಲ್ಲದೆ ಕುಳಿತೆ. ಅವಳು ಹೇಳಿದ್ದು ಸತ್ಯ. 1956ರಲ್ಲಿ ದೇಶಕ್ಕೆಲ್ಲ ಒಂದೇ ಹಿಂದೂ ಉತ್ತರಾಧಿಕಾರ ಶಾಸನ ಬಂತಾದರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿಯಿತು. ಅದನ್ನು ಹೆಣ್ಣುಮಕ್ಕಳಿಗೂ ಸಮನಾಗಿ ಕೊಟ್ಟು ಎನ್.ಟಿ. ರಾಮರಾಯರ ಆಂಧ್ರ ತಿದ್ದುಪಡಿ ಮಾಡಿತು. ಅದು 1985ರ ಸೆಪ್ಟೆಂಬರ್ 5ರಿಂದ ಜಾರಿ. ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಅಕ್ಕನ ಮದುವೆ 1988ರಲ್ಲಿ. ಅವಳ ಅಣ್ಣಂದಿರು 1996ರಲ್ಲಿ ಪಾಲಾದಾಗ, ಗೊಣಗಿಕೊಂಡೇ ಆದರೂ, ಅವಳ ಪಾಲನ್ನು ಕೊಟ್ಟರು. ಗಂಡ ಹಾಸಿಗೆ ಹಿಡಿದಾಗ ಆ ಎರಡೆಕರೆಯೇ ಅವಳ ಮನೆ ನಡೆಸಿತು.

ಕರ್ನಾಟಕದಲ್ಲಿ ಅದೇ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಇಲ್ಲಿಯೂ ಮೊದಲೇ ಮದುವೆಯಾದವರಿಗೆ ಇಲ್ಲ. ನನ್ನ ಮದುವೆ 1991ರಲ್ಲಿ. 1993ರಲ್ಲಿ ನಮ್ಮಪ್ಪ, ಅಣ್ಣತಮ್ಮಂದಿರು ಪಾಲುಪತ್ರ ಬರೆಸಿ ರಿಜಿಸ್ಟರ್ ಮಾಡಿಸಿದರು. ನನಗೆ ಒಂದು ಮೊಳಕಾಲ್ಮೂರು ಸೀರೆ ಬಂತು, ಕಂದು ಒಡಲು, ಹಸಿರು ಅಂಚು. ನನ್ನ ಸಹಿಯೂ ಬೇಕಾಗಲಿಲ್ಲ. 2005ರಲ್ಲಿ ದೇಶಕ್ಕೆಲ್ಲ ಸಮಪಾಲಿನ ಕಾನೂನು ಬಂತು, 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದೂ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪತ್ರವನ್ನು ಅದು ಮುಟ್ಟುವುದಿಲ್ಲ. ಗೆರೆ ಸ್ವಲ್ಪ ಇತ್ತ ಬಿದ್ದು ಮೊಳಕಾಲ್ಮೂರು ಆಂಧ್ರಕ್ಕೆ ಹೋಗಿದ್ದರೆ ನನಗೂ ಪಾಲಿತ್ತು. ಅಜ್ಜಿಗೆ ಗೆರೆಯ ಈಚೆ ಇದ್ದದ್ದು ಒಳ್ಳೆಯದಾಯಿತು, ನನಗೆ ಆಚೆ ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು. ನಲವತ್ತು ವರ್ಷ ರಾಯದುರ್ಗವನ್ನು ನಮ್ಮ ಕಡೆ ಎಳೆಯುತ್ತಲೇ ಬಂದಿದ್ದ ನನಗೆ ಈ ದಿಕ್ಕಿನಿಂದ ನೋಡಲು ತೋಚಿರಲೇ ಇಲ್ಲ.

ಗೆರೆಗಳ ಆಟ ಇನ್ನೂ ಮುಗಿದಿಲ್ಲ. 2013ರಲ್ಲಿ ಸಂವಿಧಾನದ 371(ಜೆ) ಜಾರಿಯಾಗಿ ಹೈದರಾಬಾದ್ ಕರ್ನಾಟಕಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಬಂತು. ಬಳ್ಳಾರಿ ಜಿಲ್ಲೆಯನ್ನೂ ಅದಕ್ಕೆ ಸೇರಿಸಿದರು. ಕೂಡ್ಲಿಗಿಯ ಹುಡುಗಿಗೆ ಅದು ಸಿಗುತ್ತದೆ. ಪಕ್ಕದ ಹೊಲದ ಮೊಳಕಾಲ್ಮೂರಿನ ಹುಡುಗಿಗೆ ಇಲ್ಲ. ಅದೇ ಬರ, ಅದೇ ಬಿಸಿಲು. 1953ರಲ್ಲಿ ಹರಿದ ಬಳ್ಳಾರಿಯ ಜೊತೆಗೆ ನಮ್ಮನ್ನು ಹೊಲಿದಿದ್ದರೆ ಅಂತ ಈಗಿನ ಮಕ್ಕಳು ಹೊಸ 'ರೆ' ಹಾಕುತ್ತಾರೆ.

ಹಾಗಾದರೆ ಯಾವ ಗೆರೆ ಸರಿ? ನನಗೆ ಅನಿಸುವುದು ಇಷ್ಟು. ಗೆರೆ ಎಲ್ಲಿ ಬಿತ್ತು ಎನ್ನುವುದರ ಮೇಲೆ ಭಾಷೆ ಹೋಯಿತು, ಅಕ್ಷರ ಹೋಯಿತು. ಆ ನೋವು ಸಣ್ಣದಲ್ಲ. ಆದರೆ ಹೊಲ ಬಂದದ್ದು, ಹೋದದ್ದು ಗೆರೆಯಿಂದಲ್ಲ, ಗೆರೆಯೊಳಗೆ ಕೂತವರು ಯಾವ ವರ್ಷ ಯಾವ ಕಾನೂನು ಮಾಡಿದರು ಎನ್ನುವುದರಿಂದ. ಮೈಸೂರು 1933ರಲ್ಲಿ ಮುಂದಿತ್ತು, 1985ರಲ್ಲಿ ಹಿಂದೆ ಬಿತ್ತು. ಗೆರೆಗಾಗಿ ಊರೆಲ್ಲ ಬೀದಿಗಿಳಿಯಿತು, ಜೀವ ಕೊಟ್ಟರು. ಹೆಣ್ಣುಮಕ್ಕಳ ಪಾಲಿಗಾಗಿ ನಮ್ಮ ತಾಲ್ಲೂಕಿನಲ್ಲಿ ಒಂದು ಮೆರವಣಿಗೆ ಹೊರಟದ್ದನ್ನು ನಾನಂತೂ ಕಂಡಿಲ್ಲ. ನಾನೂ ಹೊರಟಿರಲಿಲ್ಲ. 1993ರಲ್ಲಿ ಸೀರೆ ಉಟ್ಟುಕೊಂಡು, ಚೆನ್ನಾಗಿದೆ ಅಂದಿದ್ದೆ. ಅಂದು ಬಾಯಿ ಬಿಟ್ಟು ಕೇಳಿದ್ದರೆ? ನನ್ನ 'ರೆ'ಗಳಲ್ಲಿ ನನ್ನ ಕೈಯಲ್ಲೇ ಇದ್ದದ್ದು ಇದೊಂದೇ.

ಅಕ್ಕ ಮೂರು ದಿನ ಇದ್ದಳು. ಕಾಗದ ಎಲ್ಲ ಓದಿ ಮುಗಿಸಿದೆವು. ನಾನು ಓದುತ್ತಾ ಹೋದ ಹಾಗೆ ಅವಳು ಒಂದೊಂದನ್ನೂ ತೆಲುಗು ಅಕ್ಷರದಲ್ಲಿ ಕನ್ನಡವನ್ನೇ ಬರೆದುಕೊಂಡಳು. ಎಮ್ಮೆ, ದಡಾರ, ಮಳೆ ಇಲ್ಲ, ಎಲ್ಲವನ್ನೂ. ಹೊರಡುವಾಗ ನಾನು ಕುಂಕುಮ ಕೊಟ್ಟು, ಒಂದು ಕಾಗದದ ಮೇಲೆ ದೊಡ್ಡಮ್ಮನ ಹೆಸರನ್ನು ಕನ್ನಡದಲ್ಲಿ ಬಿಡಿಬಿಡಿಯಾಗಿ ಬರೆದುಕೊಟ್ಟೆ. ಅವಳು ಅದನ್ನು ಒಮ್ಮೆ ತಿದ್ದಿ, ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

"ನಿನ್ನ ಮಗಳ ಪಾಲಿನ ವಿಷಯ ಈಗಲೇ ಬರೆಸಿಡು. ಆಮೇಲೆ ಹಂಗಾಗಿದ್ರೆ ಹಿಂಗಾಗಿದ್ರೆ ಅನ್ಬೇಡ," ಅಂದಳು.

ರಾಯದುರ್ಗದ ಬಸ್ಸು ಬಂತು. ಅದರ ಮುಂದಿನ ಫಲಕದಲ್ಲಿ ಊರ ಹೆಸರು ಎರಡೂ ಲಿಪಿಯಲ್ಲಿತ್ತು. ಮಾರನೆಯ ವಾರ ಮನೆಯವರನ್ನು ಕರೆದುಕೊಂಡು ನಾನು ವಕೀಲರ ಹತ್ತಿರ ಹೋಗಿಬಂದೆ.